ಗೆಳೆಯನ ಪ್ಯಾಚ್‌ಗೆ ಗುಂಪಿನವರೇ ಒಪ್ಪಿಗೆ ಕೊಡಬಹುದೇ? ಕರ್ನಲ್ ನೆಟ್‌ವರ್ಕಿಂಗ್‌ನಲ್ಲಿ ‘ರಿವ್ಯೂಡ್-ಬೈ’ ಕುರಿತು ಒಂದು ಪ್ರಶ್ನೆ

ಘಟ್ಟದಮೇಲೆ (ಶಿರಸಿ):
ಶಿರಸಿಯಲ್ಲಿ ನಾವು ಕೆಲವರು ಭಾನುವಾರಗಳಂದು ಸೇರಿ ಲಿನಕ್ಸ್ ಕರ್ನಲ್‌ನ ನೆಟ್‌ವರ್ಕಿಂಗ್ ಭಾಗವನ್ನು ಓದುತ್ತಿರುವುದು ಇಲ್ಲಿ ಹಲವರಿಗೆ ಗೊತ್ತಿದೆ. ನಮ್ಮಲ್ಲೊಬ್ಬ ಹುಡುಗ ಟಿಸಿಪಿಯ (ಇಂಟರ್ನೆಟ್‌ನಲ್ಲಿ ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ಪ್ರೋಟೋಕಾಲ್) ಮರುರವಾನೆ ಟೈಮರ್‌ಗೆ ಸಂಬಂಧಿಸಿದ ಪ್ಯಾಚ್ (ಕೋಡ್ ಬದಲಾವಣೆ) ಒಂದನ್ನು ಬರೆದ. ಮಳೆಗಾಲದಲ್ಲಿ ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕದ ವಿಳಂಬ ಈಗ ನೂರು ಮಿಲಿಸೆಕೆಂಡ್ ಇದ್ದರೆ ಮರುಗಳಿಗೆಗೆ ಐದುನೂರಕ್ಕೆ ಜಿಗಿಯುತ್ತದೆ. ಪ್ಯಾಕೆಟ್ ಕಳೆದುಹೋಗಿರುವುದಿಲ್ಲ, ತಡವಾಗಿರುತ್ತದೆ ಅಷ್ಟೇ. ಟಿಸಿಪಿ ಮಾತ್ರ ಅದು ಕಳೆದೇ ಹೋಯಿತೆಂದು ಬಗೆದು ಮತ್ತೆ ಕಳುಹಿಸಿ, ತನ್ನ ವೇಗವನ್ನೂ ಕುಗ್ಗಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಕಾಯುವ ಅವಧಿ, ಅಂದರೆ ಆರ್‌ಟಿಒ, 200 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಆ ಕನಿಷ್ಠ ಮಿತಿಯನ್ನು ಏರಿಸಲು ಒಂದು ಹೊಸ ಸಿಸ್‌ಕಂಟ್ರೋಲ್ ಆಯ್ಕೆಯನ್ನು (ಓಡುತ್ತಿರುವ ಕರ್ನಲ್‌ನಲ್ಲೇ ಬದಲಿಸಬಹುದಾದ ಸೆಟ್ಟಿಂಗ್) ಆತ ಸೇರಿಸಿದ್ದ.

ನಮ್ಮ ಗುಂಪಿನ ಒಬ್ಬಾಕೆ ಅದನ್ನು ಓದಿ, ಕಟ್ಟಿ, ಓಡಿಸಿ ನೋಡಿ ರಿವ್ಯೂಡ್-ಬೈ, ಅಂದರೆ ‘ನಾನು ಪರಿಶೀಲಿಸಿದ್ದೇನೆ’ ಎಂಬ ಒಪ್ಪಿಗೆಯ ಸಾಲು, ಹಾಕಿದಳು. ತೊಂದರೆ ಆಮೇಲೆ ಶುರುವಾಯಿತು. ಪ್ಯಾಚ್ ಉಬುಂಟು 24.04ರ 6.8 ಕರ್ನಲ್ ಮೇಲೆ ತಯಾರಾಗಿದ್ದರಿಂದ ನೆಟ್-ನೆಕ್ಸ್ಟ್‌ಗೆ (ಹೊಸ ನೆಟ್‌ವರ್ಕಿಂಗ್ ಕೋಡ್ ಸೇರುವ ಮೂಲ) ಹೊಂದಲೇ ಇಲ್ಲವೆಂದು ಸ್ವಯಂಚಾಲಿತ ಪರೀಕ್ಷೆ ಹೇಳಿತು. ಹೊಸ ಮೂಲವನ್ನು ತೆರೆದು ನೋಡಿದರೆ ಅಂಥದ್ದೇ ಆಯ್ಕೆ 6.11ರಲ್ಲಿ ಆಗಲೇ ಬಂದಾಗಿದೆ. ಹುಡುಗ ಅದೇ ರಾತ್ರಿ ವಿನ್ಯಾಸವನ್ನೇ ಬದಲಿಸಿ ಎರಡನೆಯ ಆವೃತ್ತಿಯನ್ನು ಕಳುಹಿಸಿದ, ಹಳೆಯ ರಿವ್ಯೂಡ್-ಬೈ ಸಾಲನ್ನು ಹಾಗೆಯೇ ಉಳಿಸಿಕೊಂಡ. “ಇದನ್ನು ವಿಮರ್ಶೆ ಮಾಡಿದವರು ನಿಜವಾಗಿ ನೋಡಿದ್ದೇನು?” ಎಂದು ಕರ್ನಲ್ ನೆಟ್‌ವರ್ಕಿಂಗ್‌ನ ಮೇಲಿಂಗ್ ಲಿಸ್ಟ್‌ನಲ್ಲಿ ಹಿರಿಯರೊಬ್ಬರು ಕೇಳಿದರು. ಹುಡುಗರು ಕುಗ್ಗಿದ್ದಾರೆ. ನಮ್ಮಂಥ ಹೊಸಬರು ಒಪ್ಪಿಗೆಯ ಸಾಲು ಹಾಕುವುದೇ ತಪ್ಪೇ, ಅದರಲ್ಲೂ ಒಬ್ಬರಿಗೊಬ್ಬರು ಹಾಕಿಕೊಳ್ಳುವುದು ತಪ್ಪೇ?

ಅಘನಾಶಿನಿ (ಕುಮಟಾ):
ತಪ್ಪು. ಸ್ವಂತದ ಹತ್ತಾದರೂ ಪ್ಯಾಚ್ ಒಳಗೆ ಹೋಗದವರು ಬೇರೆಯವರ ಪ್ಯಾಚ್‌ಗೆ ಒಪ್ಪಿಗೆ ಕೊಡುವುದಕ್ಕೆ ಯಾವ ಬೆಲೆಯೂ ಇಲ್ಲ. ಟಿಸಿಪಿಯ ಒಂದು ಸಾಲು ಕೆಟ್ಟರೆ ಅದು ಶಿರಸಿಯ ಒಂದು ಲ್ಯಾಪ್‌ಟಾಪ್‌ನಲ್ಲಿ ನಿಲ್ಲುವುದಿಲ್ಲ. ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ಬ್ಯಾಂಕಿನ ಸರ್ವರುಗಳ ತನಕ ಹೋಗುತ್ತದೆ.

ಕಾಳಿತೀರ (ಕಾರವಾರ):
ಅಘನಾಶಿನಿಯವರ ಕಾಳಜಿ ಸರಿ, ನಿಯಮ ಮಾತ್ರ ಅವರೇ ಕಟ್ಟಿಕೊಂಡದ್ದು. ನೆಟ್‌ವರ್ಕಿಂಗ್ ವಿಭಾಗದ ಅಧಿಕೃತ ದಾಖಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತಿದೆ: ಪರಿಣತಿ ಎಷ್ಟೇ ಇರಲಿ, ಬೇರೆಯವರ ಪ್ಯಾಚ್‌ಗಳನ್ನು ನೋಡಿರಿ ಎಂದು ಅಲ್ಲಿ ಉತ್ತೇಜಿಸಲಾಗಿದೆ. ರಿವ್ಯೂಡ್-ಬೈ ಎಂದರೆ “ನನ್ನ ಕೈಲಾದಷ್ಟು ಮಟ್ಟಿಗೆ ನೋಡಿದ್ದೇನೆ” ಎಂದು ಅರ್ಥವೇ ಹೊರತು, ಈ ಕೋಡ್ ಸರಿಯಾಗಿದೆಯೆಂದು ಪ್ರಮಾಣ ಮಾಡಿದಂತೆ ಅಲ್ಲ ಎಂದೂ ಅಲ್ಲಿ ಹೇಳಲಾಗಿದೆ. ಯಾರ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ಮೇಂಟೇನರುಗಳಿಗೆ (ಪ್ಯಾಚ್‌ಗಳನ್ನು ಸ್ವೀಕರಿಸುವ ಹೊಣೆ ಹೊತ್ತವರಿಗೆ) ಗೊತ್ತಿರುತ್ತದೆ.

ಹಾಗೆಂದು ಆ ಸಾಲು ಹಗುರವಾದದ್ದೂ ಅಲ್ಲ. ಕರ್ನಲ್‌ನ ಸಾಮಾನ್ಯ ದಾಖಲೆಯ ಪ್ರಕಾರ ಅದನ್ನು ಬರೆದವರು ನಾಲ್ಕು ಮಾತಿಗೆ ಬದ್ಧರು: ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ಕೊರತೆಗಳನ್ನು ಬರೆದವರಿಗೆ ತಿಳಿಸಿ ಅವರ ಉತ್ತರದಿಂದ ತೃಪ್ತನಾಗಿದ್ದೇನೆ, ಇದು ಕರ್ನಲ್‌ಗೆ ಬೇಕಾದ ಬದಲಾವಣೆ ಮತ್ತು ತಿಳಿದಿರುವ ದೋಷ ಇದರಲ್ಲಿಲ್ಲ ಎಂದು ನಂಬಿದ್ದೇನೆ, ಆದರೂ ಇದಕ್ಕೆ ಗ್ಯಾರಂಟಿ ಕೊಡುತ್ತಿಲ್ಲ. ನಿಮ್ಮ ಪ್ರಕರಣದಲ್ಲಿ ಮೂರನೆಯ ಮಾತೇ ಬಿದ್ದುಹೋಗುತ್ತದೆ, ಏಕೆಂದರೆ ಆಗಲೇ ಇರುವ ಆಯ್ಕೆಯನ್ನು ಮತ್ತೊಮ್ಮೆ ಸೇರಿಸುವುದು ಬೇಕಾದ ಬದಲಾವಣೆ ಆಗುವುದಿಲ್ಲ. ಬರೆದವನೂ ನೋಡಿದವಳೂ ಒಂದೇ 6.8ರ ಮೂಲವನ್ನು ತೆರೆದು ಕುಳಿತರೆ ಇಬ್ಬರ ಕಣ್ಣಿಗೂ ಬೀಳದೆ ಹೋಗುವುದು ಒಂದೇ ಸಂಗತಿ. ಒಂದೇ ಗುಂಪಿನ, ಒಂದೇ ಕಂಪನಿಯ ಒಪ್ಪಿಗೆಗೆ ಬೆಲೆ ಕಡಿಮೆಯಾಗುವುದಕ್ಕೆ ಕಾರಣವೂ ಇದೇ. ಅದರಲ್ಲಿ ಅಪ್ರಾಮಾಣಿಕತೆಯ ಆರೋಪವೇನೂ ಇಲ್ಲ.

ಘಟ್ಟದಮೇಲೆಯವರ ಒಂದು ವಾಕ್ಯವನ್ನು ತಿದ್ದಬೇಕು. ಆರ್‌ಟಿಒ 200ಕ್ಕಿಂತ ಇಳಿಯುವುದಿಲ್ಲ ಎಂದರೆ ಅರ್ಧ ಸತ್ಯ. ಲಿನಕ್ಸ್‌ನಲ್ಲಿ ಆ 200 ಅನ್ವಯವಾಗುವುದು ಒಟ್ಟು ಅವಧಿಗಲ್ಲ, ಸರಾಸರಿ ವಿಳಂಬಕ್ಕೆ ಕೂಡಿಸುವ ಏರಿಳಿತದ ಭಾಗಕ್ಕೆ. ಸರಾಸರಿ ವಿಳಂಬ 80 ಮಿಲಿಸೆಕೆಂಡ್ ಇದ್ದರೆ ಆರ್‌ಟಿಒ ಕಡಿಮೆಯೆಂದರೂ 280 ಆಗುತ್ತದೆ. 2011ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 6298 ಹೇಳುವ ಕನಿಷ್ಠ ಮಿತಿ ಒಂದು ಸೆಕೆಂಡ್. ಲಿನಕ್ಸ್ ಬೇಕೆಂದೇ ಅದಕ್ಕಿಂತ ಬೇಗ ಎಚ್ಚರಗೊಳ್ಳುತ್ತದೆ. ಪ್ಯಾಚ್‌ನ ವಿವರಣೆಯಲ್ಲಿ ಈ ಎರಡು ಸಂಗತಿ ಬಂದಿದ್ದರೆ ಓದುವವರಿಗೆ ಅರ್ಧ ನಂಬಿಕೆ ಅಲ್ಲಿಯೇ ಹುಟ್ಟುತ್ತಿತ್ತು.

ತೋಟದಮನೆ (ಶಿರಸಿ):
ಆ ಒಪ್ಪಿಗೆ ಕೊಟ್ಟವಳು ನಾನೇ, ಆದ್ದರಿಂದ ಒಂದು ಸ್ಪಷ್ಟನೆ ಕೊಡುತ್ತೇನೆ. ನಾನು ನೋಡಿದ್ದು ಮೊದಲನೆಯ ಆವೃತ್ತಿಯನ್ನು. ಒಂದೇ ಯಂತ್ರದೊಳಗೆ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳನ್ನು (ಪ್ರತ್ಯೇಕ ಜಾಲಗಳನ್ನು) ವೆತ್ ಜೋಡಿ ಎಂಬ ಕಾಲ್ಪನಿಕ ಕೇಬಲ್‌ನಿಂದ ಕೂಡಿಸಿ, ಕೃತಕ ವಿಳಂಬ ಉಂಟುಮಾಡುವ ನೆಟೆಮ್ ಬಳಸಿ ವಿಳಂಬವನ್ನು ಏರಿಳಿಸಿ, ಪ್ಯಾಚ್ ಹಾಕುವ ಮೊದಲು ಮತ್ತು ಆಮೇಲೆ ಎನ್‌ಸ್ಟ್ಯಾಟ್ ಎಂಬ ಸಾಧನ ತೋರಿಸುವ ಹುಸಿ ಟೈಮ್‌ಔಟ್‌ಗಳ (ಪ್ಯಾಕೆಟ್ ಕಳೆಯದಿದ್ದರೂ ಕಳೆಯಿತೆಂದು ಬಗೆದದ್ದರ) ಎಣಿಕೆಯನ್ನು ಹೋಲಿಸಿದ್ದೆ, ಎಣಿಕೆ ಇಳಿದಿತ್ತು. ಎರಡನೆಯ ಆವೃತ್ತಿಯನ್ನು ನನಗೆ ಯಾರೂ ತೋರಿಸಲಿಲ್ಲ. ಒಪ್ಪಿಗೆಯ ಸಾಲನ್ನು ಮುಂದಿನ ಆವೃತ್ತಿಗೆ ಒಯ್ಯುವುದು ಬರೆದವರ ಕೆಲಸವೆಂದು ನನಗೂ ಗೊತ್ತು, ಆದರೆ ಪ್ಯಾಚ್ ಗಣನೀಯವಾಗಿ ಬದಲಾದರೆ ಅದನ್ನು ಕೈಬಿಟ್ಟು, ಕೈಬಿಟ್ಟದ್ದನ್ನು ಬದಲಾವಣೆಯ ಟಿಪ್ಪಣಿಯಲ್ಲಿ ನಮೂದಿಸಬೇಕೆಂಬುದೂ ಅದೇ ದಾಖಲೆಯಲ್ಲಿದೆ. ಅಲ್ಲಿ ಪ್ರಶ್ನೆ ಕೇಳಿದವರ ಬಗ್ಗೆ ನನಗೆ ಬೇಸರವಿಲ್ಲ, ಬೇಸರ ಇರುವುದು ನಮ್ಮ ಹುಡುಗನ ಬಗ್ಗೆ.

ಅಘನಾಶಿನಿ (ಕುಮಟಾ):
ಅಕ್ಕ, ಇಷ್ಟೆಲ್ಲ ಪರೀಕ್ಷೆ ಮಾಡಿದ್ದೀರಿ ಎಂದಾದರೆ ನೀವು ಹಾಕಬೇಕಿದ್ದದ್ದು ಟೆಸ್ಟೆಡ್-ಬೈ. ಓಡಿಸಿ ನೋಡುವುದು ಬೇರೆ, ಓದಿ ನೋಡುವುದು ಬೇರೆ.

ತೋಟದಮನೆ (ಶಿರಸಿ):
ಎರಡನ್ನೂ ಮಾಡಿದ್ದೆ, ತಮ್ಮ. ಎರಡು ಸಾಲನ್ನೂ ಹಾಕಬಹುದಿತ್ತು.

ಶರಾವತಿ_ದಂಡೆ (ಹೊನ್ನಾವರ):
ಹೊಸ ಆಯ್ಕೆ ಸೇರಿಸುವ ಪ್ಯಾಚ್ ಎಂದರೆ ಮೇಂಟೇನರುಗಳು ಮುಖ ಸಿಂಡರಿಸುವುದೇಕೆ ಎಂಬುದಕ್ಕೆ ನನ್ನದೊಂದು ಅನುಭವ ಇದೆ. ನಾನು ಕೇಬಲ್ ಇಂಟರ್ನೆಟ್ ಜಾಲವೊಂದನ್ನು ನೋಡಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಜಾಲತಾಣ (ಹೆಸರು ಬೇಡ) ನಮ್ಮ ಗ್ರಾಹಕರಲ್ಲಿ ಕೆಲವರಿಗೆ ತೆರೆಯುತ್ತಿತ್ತು, ಕೆಲವರಿಗೆ ತೆರೆಯುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಪ್ಪನ ಫೋನಿನಲ್ಲಿ ಬಂದರೆ ಮಗಳ ಫೋನಿನಲ್ಲಿ ಇಲ್ಲ. ಬೈಗುಳವೆಲ್ಲ ನಮಗೆ. ಕೊನೆಗೆ ನೋಡಿದರೆ ಆ ಸರ್ವರ್‌ನಲ್ಲಿ ಟಿಸಿಪಿ_ಟಿಡಬ್ಲ್ಯೂ_ರಿಸೈಕಲ್ ಎಂಬ ಆಯ್ಕೆಯನ್ನು ಯಾರೋ ಚಾಲೂ ಮಾಡಿಟ್ಟಿದ್ದರು. ಅದು ಪ್ರತಿ ಐಪಿ ವಿಳಾಸದಿಂದ ಕೊನೆಗೆ ಬಂದ ಟೈಮ್‌ಸ್ಟ್ಯಾಂಪನ್ನು ನೆನಪಿಟ್ಟು, ಅದಕ್ಕಿಂತ ಹಿಂದಿನದು ಬಂದರೆ ಹಳೆಯ ಪ್ಯಾಕೆಟ್ ಎಂದು ಬಿಸಾಡುತ್ತಿತ್ತು. ನಮ್ಮಲ್ಲಿ ನ್ಯಾಟ್ (ಹಲವರಿಗೆ ಒಂದೇ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ನೂರಾರು ಮನೆಗಳು ಒಂದೇ ವಿಳಾಸದಿಂದ ಹೊರಗೆ ಹೋಗುತ್ತವೆ, ಪ್ರತಿ ಫೋನಿನ ಗಡಿಯಾರವೂ ಬೇರೆ. ಯಾರ ಟೈಮ್‌ಸ್ಟ್ಯಾಂಪ್ ಹಿಂದೆ ಇದೆಯೋ ಅವರಿಗೆ ಬಾಗಿಲು ಮುಚ್ಚುತ್ತಿತ್ತು.

4.10ರಲ್ಲಿ ಟೈಮ್‌ಸ್ಟ್ಯಾಂಪ್‌ಗಳನ್ನು ಸಂಪರ್ಕಕ್ಕೊಂದರಂತೆ ಯಾದೃಚ್ಛಿಕಗೊಳಿಸಿದ ಮೇಲೆ ಆ ಆಯ್ಕೆ ಪೂರ್ತಿ ನಿರುಪಯೋಗಿಯಾಯಿತು, 2017ರಲ್ಲಿ, 4.12ರಲ್ಲಿ, ಅದನ್ನು ತೆಗೆದುಹಾಕಿದರು. ಅಷ್ಟರೊಳಗೆ “ಸರ್ವರ್ ವೇಗ ಹೆಚ್ಚಿಸುವುದು ಹೇಗೆ” ಎಂಬ ಎಷ್ಟೋ ಬರಹಗಳಲ್ಲಿ ಅದು ಸೇರಿಹೋಗಿತ್ತು. ಆಯ್ಕೆ ಸೇರಿಸಲು ಒಂದು ಸಂಜೆ ಸಾಕು, ತೆಗೆಯಲು ವರ್ಷಗಳು ಬೇಕು.

ಸೋಂದೆ_ಭಟ್ (ಸೋಂದಾ):
ನನ್ನ ದೃಷ್ಟಿಯಲ್ಲಿ ಇದು ಅಡಿಕೆ ಆರಿಸುವ ಕೆಲಸ. ಚಾಲಿ ಯಾವುದು, ಕೋಕಾ ಯಾವುದು ಎಂದು ಕೈಯಾಡಿಸಿಯೇ ಕಲಿಯಬೇಕು. ಕಲಿತ ಮೇಲೆ ಮಾತ್ರ ರಾಶಿಗೆ ಕೈ ಹಾಕುತ್ತೇನೆಂದರೆ ಯಾರೂ ಕಲಿಯುವುದಿಲ್ಲ.

ಅಘನಾಶಿನಿ (ಕುಮಟಾ):
ಭಟ್ಟರೇ, ಕೋಕಾ ಅಡಿಕೆ ತಪ್ಪಿ ಚಾಲಿಗೆ ಸೇರಿದರೆ ಚೀಲಕ್ಕೆ ಒಂದಿಷ್ಟು ದರ ಕಡಿಮೆಯಾಗುತ್ತದೆ, ಅಲ್ಲಿಗೆ ಮುಗಿಯಿತು. ಕರ್ನಲ್‌ನಲ್ಲಿದ್ದ ಡಿಸಿಸಿಪಿ ಎಂಬ ಇನ್ನೊಂದು ಪ್ರೋಟೋಕಾಲ್‌ನ ಕೋಡ್‌ನಲ್ಲಿ 2005ರಿಂದ ಇದ್ದ ದೋಷವೊಂದು ಬೆಳಕಿಗೆ ಬಂದದ್ದು 2017ರಲ್ಲಿ, ಸಿವಿಇ-2017-6074 ಎಂಬ ಭದ್ರತಾ ದೋಷದ ಸಂಖ್ಯೆಯಲ್ಲಿ. ಒಮ್ಮೆ ಬಿಡುಗಡೆ ಮಾಡಿದ ಮೆಮೊರಿಯನ್ನೇ ಮತ್ತೆ ಬಿಡುಗಡೆ ಮಾಡುವ ದೋಷ ಅದು. ಸಾಮಾನ್ಯ ಬಳಕೆದಾರ ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರ ಇರುವವ) ಆಗಬಹುದಿತ್ತು. ಆ ಪ್ರೋಟೋಕಾಲ್ ಬಳಸುವವರು ಅಪರೂಪವಾಗಿದ್ದರು, ಅದರ ಕೋಡ್ ಓದುವವರು ಇನ್ನೂ ಅಪರೂಪ. ಒಪ್ಪಿಗೆ ಸಿಕ್ಕಿದ್ದು ಮುಖ್ಯವಲ್ಲ, ಓದಿದವರು ಇರಲಿಲ್ಲ ಎಂಬುದೇ ಮುಖ್ಯ.

ಸೋಂದೆ_ಭಟ್ (ಸೋಂದಾ):
ನೀವೇ ನನ್ನ ಪಕ್ಷ ವಹಿಸಿದಂತಾಯಿತಲ್ಲ ಮಾರಾಯರೇ. ಓದುವವರು ಕಡಿಮೆ ಎಂದರೆ ಹೊಸಬರು ಓದಲಿ ಎಂದೇ ನಾನೂ ಹೇಳುತ್ತಿರುವುದು.

ಗಂಗಾವಳಿ (ಅಂಕೋಲಾ):
ಅಲ್ಲಿನ ಹಿರಿಯರು ಒರಟಾಗಿ ಕೇಳಿದ್ದಕ್ಕೆ ಹಿನ್ನೆಲೆಯೂ ಇದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಕಳುಹಿಸಿ, ವಿಮರ್ಶಕರು ಹಿಡಿಯುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿದ್ದು 2021ರಲ್ಲಿ ದೊಡ್ಡ ಗಲಾಟೆಯಾಯಿತು. ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ನಿಲ್ಲಿಸಿದರು, ಅಲ್ಲಿಂದ ಹಿಂದೆ ಬಂದಿದ್ದ ಪ್ಯಾಚ್‌ಗಳನ್ನೆಲ್ಲ ಮತ್ತೆ ಕೆದಕಿ ನೋಡಬೇಕಾಯಿತು, ಸಂಶೋಧಕರು ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಪರಿಚಯವಿಲ್ಲದ ವಿಳಾಸದಿಂದ ಪ್ಯಾಚ್ ಬಂದು, ಅದೇ ದಿನ ಇನ್ನೊಂದು ಪರಿಚಯವಿಲ್ಲದ ವಿಳಾಸದಿಂದ “ಚೆನ್ನಾಗಿದೆ” ಎಂಬ ಒಂದೇ ಸಾಲಿನ ಒಪ್ಪಿಗೆ ಬಂದರೆ ಅವರಿಗೆ ಅನುಮಾನ ಬರುವುದು ಸಹಜ. ನಾನು ಪಾಠ ಮಾಡುವ ಹುಡುಗರಿಗೆ ಹೇಳುವುದು ಇಷ್ಟು: ಒಪ್ಪಿಗೆಯ ಸಾಲಿನ ಮೇಲೆ ಏನು ಓದಿದಿರಿ, ಯಾವುದನ್ನು ಓದಲಿಲ್ಲ, ಹೇಗೆ ಪರೀಕ್ಷಿಸಿದಿರಿ ಎಂದು ನಾಲ್ಕು ಸಾಲು ಬರೆಯಿರಿ. ತೋಟದಮನೆಯವರು ಇಲ್ಲಿ ಬರೆದ ವಿವರವನ್ನು ಅಲ್ಲಿಯೇ ಬರೆದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಕಾಳಿತೀರ (ಕಾರವಾರ):
ಗಂಗಾವಳಿ ಮೇಡಂ ಹೇಳಿದ್ದೇ ಈ ಚರ್ಚೆಯ ತಿರುಳು ಎಂದು ನನಗೆ ಅನಿಸುತ್ತದೆ. ಒಪ್ಪಿಗೆಗೆ ತೂಕ ಬರುವುದು ಅದರ ಜೊತೆಗಿರುವ ಬರಹದಿಂದ. ಒಪ್ಪಿಗೆಯನ್ನೇ ಕೊಡದೆ ಒಂದು ಒಳ್ಳೆಯ ಪ್ರಶ್ನೆ ಕೇಳಿದವರೂ ವಿಮರ್ಶಕರೇ.

ಹುಡುಗನ ಎರಡನೆಯ ಆವೃತ್ತಿಯನ್ನು ನಿನ್ನೆ ರಾತ್ರಿ ಕುಳಿತು ಓದಿದೆ. ಹುಸಿ ಟೈಮ್‌ಔಟ್ ಆಯಿತೆಂದು ಟಿಸಿಪಿಯ ಎಫ್-ಆರ್‌ಟಿಒ ಎಂಬ ವಿಧಾನ ಪತ್ತೆ ಹಚ್ಚಿದಾಗಲೆಲ್ಲ ಆ ಸಂಪರ್ಕದ ಕನಿಷ್ಠ ಮಿತಿಯನ್ನು ತಾನಾಗಿ ಏರಿಸುವುದು ಅದರ ಉದ್ದೇಶ. ಎಷ್ಟು ಏರಿಸಬೇಕೆಂಬುದಕ್ಕೆ ಒಂದು ಸಿಸ್‌ಕಂಟ್ರೋಲ್ ಭಾಜಕ ಇದೆ. ಫಂಕ್ಷನ್‌ನ ಆರಂಭದಲ್ಲಿ ಆ ಭಾಜಕ ಸೊನ್ನೆಯೇ ಎಂದು ನೋಡಿ, ಸೊನ್ನೆಯಾದರೆ ವಾಪಸು ಹೋಗುತ್ತಾನೆ. ನಾಲ್ಕು ಸಾಲು ಕೆಳಗೆ ಅದೇ ಸಿಸ್‌ಕಂಟ್ರೋಲನ್ನು ಮತ್ತೆ ಓದಿ ಅದರಿಂದ ಭಾಗಿಸುತ್ತಾನೆ. ಈ ಎರಡು ಓದುಗಳ ನಡುವೆ ಮತ್ತೊಂದು ಸಿಪಿಯುವಿನಲ್ಲಿ ಯಾರಾದರೂ ಅಲ್ಲಿಗೆ ಸೊನ್ನೆ ಬರೆದರೆ ಕರ್ನಲ್ ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತದೆ. ರೀಡ್_ಒನ್ಸ್ ಬಳಸಿ ಒಮ್ಮೆ ಮಾತ್ರ ಓದಿ, ಸ್ಥಳೀಯ ಚರದಲ್ಲಿ ಇಟ್ಟುಕೊಂಡು, ಪರೀಕ್ಷೆ ಮತ್ತು ಭಾಗಾಕಾರ ಎರಡಕ್ಕೂ ಅದನ್ನೇ ಬಳಸಬೇಕು. ಸೊನ್ನೆಯನ್ನು ಬರೆಯಲೇ ಬಿಡದಂತೆ ಸಿಸ್‌ಕಂಟ್ರೋಲ್‌ನ ಕೋಷ್ಟಕದಲ್ಲಿ ಕೆಳಮಿತಿಯನ್ನೂ ಹಾಕಬೇಕು. ಕರ್ನಲ್‌ನಲ್ಲಿ ಇಂಥ ಓದುಗಳನ್ನು ಸರಿಪಡಿಸುವ ಪ್ಯಾಚ್‌ಗಳ ದೊಡ್ಡ ಸರಣಿಯೇ 2022ರಲ್ಲಿ ಬಂದಿತ್ತು. ಅದನ್ನು ಓದಿದರೆ ಕಣ್ಣು ಪಳಗುತ್ತದೆ.

ಇದನ್ನು ಹಿಡಿಯಲು ಒಂದೂ ಆರ್‌ಎಫ್‌ಸಿ ಓದಿರಬೇಕಾಗಿಲ್ಲ. ಸಿ ಭಾಷೆ ಬಂದರೆ ಸಾಕು, ಜೊತೆಗೆ “ಈ ಸಾಲಿಗೂ ಆ ಸಾಲಿಗೂ ನಡುವೆ ಏನು ಬದಲಾಗಬಹುದು” ಎಂಬ ಶಂಕೆ ಬೇಕು. ಪಿಎಸ್‌ಕೆಬಿ_ಮೇ_ಪುಲ್ ಕರೆದ ಮೇಲೆ ಹಳೆಯ ಹೆಡರ್ ಪಾಯಿಂಟರನ್ನೇ ಬಳಸುವ ದೋಷವೂ ಇದೇ ಜಾತಿಯದು: ಆ ಕರೆ ಪ್ಯಾಕೆಟ್‌ನ ಬಫರನ್ನೇ ಬೇರೆಡೆಗೆ ಸ್ಥಳಾಂತರಿಸಿರಬಹುದು, ಆಗ ಪಾಯಿಂಟರ್ ತೋರಿಸುವುದು ಖಾಲಿ ಮಾಡಿದ ಜಾಗವನ್ನು.

ಪ್ರೋಟೋಕಾಲ್ ಕಡೆಯಿಂದ ಎರಡು ಪ್ರಶ್ನೆಗಳಿವೆ. ಏರಿದ ಮಿತಿ ಮತ್ತೆ ಇಳಿಯುವುದು ಯಾವಾಗ? ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದ ಮೇಲೂ ಆ ಸಂಪರ್ಕ ಘಟ್ಟದ ಲೆಕ್ಕದಲ್ಲಿಯೇ ಕಾಯುತ್ತಾ ಕೂರುತ್ತದೆಯೇ? ಎರಡನೆಯದು, ಎದುರಿನ ಯಂತ್ರ ಮೋಸದ ಉತ್ತರಗಳನ್ನು ಕೊಟ್ಟು, ಹುಸಿ ಟೈಮ್‌ಔಟ್ ಆಯಿತೆಂದು ನಂಬಿಸಿ, ನಮ್ಮ ಮಿತಿಯನ್ನು ಏರಿಸುತ್ತಲೇ ಹೋದರೆ ತಡೆಯುವುದು ಯಾವುದು? ಪ್ಯಾಚ್‌ನಲ್ಲಿ ಮೇಲ್ಮಿತಿ ಕಾಣಲಿಲ್ಲ.

ಘಟ್ಟದಮೇಲೆ (ಶಿರಸಿ):
ಕಾಳಿತೀರ ಅವರೇ, ಇದನ್ನು ಇಲ್ಲಿ ಬರೆಯುವ ಬದಲು ಅಲ್ಲಿಯೇ ಬರೆಯಬಾರದೇಕೆ?

ಕಾಳಿತೀರ (ಕಾರವಾರ):
ಭಾಗಾಕಾರದ ವಿಷಯವನ್ನು ಬೆಳಿಗ್ಗೆಯೇ ಅಲ್ಲಿ ಬರೆದಾಯಿತು. ಉಳಿದ ಎರಡು ಪ್ರಶ್ನೆಗಳನ್ನು ತೋಟದಮನೆಯವರು ಕೇಳಲಿ ಎಂದು ಬಿಟ್ಟಿದ್ದೇನೆ. ಅವರಲ್ಲಿ ನೆಟೆಮ್ ವ್ಯವಸ್ಥೆ ಸಿದ್ಧವಿದೆ, ಏರಿದ ಮಿತಿ ಇಳಿಯುವುದಿಲ್ಲವೆಂದು ಅಂಕಿಗಳನ್ನು ಇಟ್ಟೇ ತೋರಿಸಬಲ್ಲರು.

ದಾಂಡೇಲಿ_ಸಾಗವಾನಿ:
ನಡುವೆ ಒಂದು ಪ್ರಶ್ನೆ. ನನ್ನ ಬಳಿ 8 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇದೆ. ಕರ್ನಲ್ ಕಟ್ಟಲು ಕುಳಿತರೆ ಮುಗಿಯುವುದರೊಳಗೆ ಕರೆಂಟ್ ಹೋಗಿರುತ್ತದೆ. ಇದರಲ್ಲಿ ಪರೀಕ್ಷೆ ಸಾಧ್ಯವೇ? ಅವರ ಸ್ವಯಂಚಾಲಿತ ಪರೀಕ್ಷೆಗೆ ಕಳುಹಿಸಿ ನೋಡಿದರೆ ಆಗದೇ?

ತೋಟದಮನೆ (ಶಿರಸಿ):
ಎರಡನೆಯದು ಬೇಡ. ಪರೀಕ್ಷೆ ಓಡಿಸುವುದಕ್ಕೆಂದೇ ಪ್ಯಾಚ್ ಕಳುಹಿಸಬಾರದೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ಆವೃತ್ತಿಗೂ ಮುಂದಿನದಕ್ಕೂ ನಡುವೆ ಕನಿಷ್ಠ 24 ತಾಸಿನ ಅಂತರ ಇರಬೇಕೆಂಬ ನಿಯಮವೂ ಇದೆ, ನಮ್ಮ ಹುಡುಗ ಅದನ್ನೂ ಮುರಿದಿದ್ದಾನೆ. ಲ್ಯಾಪ್‌ಟಾಪ್ ಚಿಕ್ಕದಾದರೆ ವರ್ಟ್‌ಮಿ-ಎನ್‌ಜಿ ಬಳಸಿರಿ. ಅದು ಕ್ಯೂಎಮು ಎಂಬ ವರ್ಚುವಲ್ ಯಂತ್ರದೊಳಗೆ, ನಿಮ್ಮ ಈಗಿನ ಫೈಲ್ ವ್ಯವಸ್ಥೆಯನ್ನೇ ಬಳಸಿಕೊಂಡು, ಹೊಸ ಕರ್ನಲನ್ನು ಎಬ್ಬಿಸುತ್ತದೆ. ಬೇಕಾದಷ್ಟೇ ಭಾಗಗಳನ್ನು ಆರಿಸಿ ಕಟ್ಟುವುದರಿಂದ ಬೇಗ ಮುಗಿಯುತ್ತದೆ. ಕರೆಂಟ್ ಹೋದರೆ ಗಾಬರಿ ಬೇಡ, ಕಟ್ಟುವ ಸಾಧನವಾದ ಮೇಕ್ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಅಘನಾಶಿನಿ (ಕುಮಟಾ):
ಹತ್ತು ಪ್ಯಾಚ್‌ನ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ, ಆದರೆ ನನ್ನ ಮೂಲ ಆಕ್ಷೇಪಕ್ಕೆ ಉತ್ತರ ಸಿಕ್ಕಿಲ್ಲ. ಕಾಳಿತೀರ ಅವರು ಹಿಡಿದ ಭಾಗಾಕಾರದ ದೋಷ ಸಿ ಭಾಷೆಯ ದೋಷ. ಪ್ರೋಟೋಕಾಲ್ ದೋಷಗಳನ್ನು ಹೊಸಬರು ಹಿಡಿಯುವುದು ಹೇಗೆ?

ಕಾಳಿತೀರ (ಕಾರವಾರ):
ಹಳಬರೂ ಎಲ್ಲವನ್ನೂ ಹಿಡಿಯುವುದಿಲ್ಲ. 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನವರು ಸ್ಯಾಕ್ ಪ್ಯಾನಿಕ್ ಎಂಬ ದೋಷವನ್ನು ಹೊರಗೆಡವಿದರು. ದೂರದಿಂದಲೇ ವಿಶೇಷ ಪ್ಯಾಕೆಟ್‌ಗಳ ಸರಣಿ ಕಳುಹಿಸಿ ಲಿನಕ್ಸ್ ಯಂತ್ರವನ್ನು ಬೀಳಿಸಬಹುದಿತ್ತು. ಅದರ ಜೊತೆಯಲ್ಲಿಯೇ ಪತ್ತೆಯಾದ ಇನ್ನೊಂದು ದೋಷಕ್ಕೆ, ಪ್ಯಾಕೆಟ್‌ಗಳನ್ನು ತುಂಡರಿಸುವಾಗ ಬಳಸುವ ಮೆಮೊರಿಗೆ ಮಿತಿ ಹಾಕುವ ಪರಿಹಾರ ಬಂತು. ಬರೆದವರು ಎರಿಕ್ ಡುಮಾಝೆ. ಟಿಸಿಪಿಯನ್ನು ಅವರಷ್ಟು ಬಲ್ಲವರು ವಿರಳ. ಆದರೂ ಕಳುಹಿಸುವ ಬಫರನ್ನು ತೀರಾ ಚಿಕ್ಕದಾಗಿ ಇಟ್ಟುಕೊಂಡಿದ್ದ ಕೆಲವು ತಂತ್ರಾಂಶಗಳ ಸಂಪರ್ಕ ಆ ಮಿತಿಯಿಂದಾಗಿ ನಿಂತುಹೋಯಿತು, ಮುಂದಿನ ತಿಂಗಳೇ ಮಿತಿಯನ್ನು ಸಡಿಲಿಸುವ ಮತ್ತೊಂದು ಪ್ಯಾಚ್ ಬೇಕಾಯಿತು. ಅಂಥ ಚಿಕ್ಕ ಬಫರ್ ಇಟ್ಟುಕೊಂಡ ಯಾರಾದರೂ ಓಡಿಸಿ ನೋಡಿದ್ದರೆ ಅದು ಮೊದಲೇ ಸಿಗುತ್ತಿತ್ತು. ವಿಚಿತ್ರವಾದ ಜಾಲಗಳು, ಹಳೆಯ ಯಂತ್ರಗಳು, ನ್ಯಾಟ್ ಹಿಂದಿನ ನೂರು ಫೋನುಗಳು ನಮ್ಮ ಕಡೆ ಇವೆ. ದೊಡ್ಡ ಡೇಟಾ ಸೆಂಟರ್‌ನವರಿಗೆ ಅವು ಕಾಣುವುದಿಲ್ಲ.

ಪ್ರೋಟೋಕಾಲ್ ನಡವಳಿಕೆಯನ್ನು ಓದಲು ಪ್ಯಾಕೆಟ್‌ಡ್ರಿಲ್ ಒಳ್ಳೆಯ ದಾರಿ. ಈ ಪ್ಯಾಕೆಟ್ ಇಷ್ಟು ಹೊತ್ತಿಗೆ ಬಂದರೆ ಕರ್ನಲ್ ಇಂಥ ಉತ್ತರ ಕೊಡಬೇಕು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಈಗ ಕರ್ನಲ್‌ನ ಸೆಲ್ಫ್‌ಟೆಸ್ಟ್‌ಗಳ ಜೊತೆಯಲ್ಲಿಯೇ ಅಂಥ ಅನೇಕ ಲಿಪಿಗಳಿವೆ. ಈ ಪ್ಯಾಚ್‌ಗೆ ಅಂಥದೊಂದು ಪರೀಕ್ಷೆ ಬರೆದು ಕೊಡುವವರು ಹತ್ತು ಒಪ್ಪಿಗೆಗಳಿಗಿಂತ ಹೆಚ್ಚಿನ ಕೆಲಸ ಮಾಡಿದಂತೆ.

ಶರಾವತಿ_ದಂಡೆ (ಹೊನ್ನಾವರ):
ಹುಡುಗ ಬೇಸರಪಟ್ಟುಕೊಳ್ಳುವುದು ಬೇಡ ಎಂದು ಹೇಳಿರಿ. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಪ್ಯಾಚ್‌ಗಳನ್ನು 2018ರಲ್ಲಿ ಮೊದಲು ಕಳುಹಿಸಿದಾಗ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅವರೇ ಹೊಗಳಿದ್ದರು, ಆದರೂ ಅದರ ಜೊತೆಗೆ ಬಂದ ಕ್ರಿಪ್ಟೋ ಗ್ರಂಥಾಲಯದ ಬಗ್ಗೆ ಒಮ್ಮತ ಮೂಡದೆ, ಬಿಡುಗಡೆಯಾದ ಕರ್ನಲ್ ಸೇರಿದ್ದು 2020ರ 5.6ರಲ್ಲಿ. ಮಲ್ಟಿಪಾತ್ ಟಿಸಿಪಿ (ಒಂದೇ ಸಂಪರ್ಕಕ್ಕೆ ಹಲವು ದಾರಿ ಬಳಸುವ ಟಿಸಿಪಿ) ಅದೇ 5.6ರಲ್ಲಿ ಒಳಗೆ ಬಂದದ್ದು ವರ್ಷಗಟ್ಟಲೆ ಹೊರಗೆ ಬೆಳೆದ ಮೇಲೆ, ಅದೂ ಹಳೆಯ ಕೋಡನ್ನು ಬಿಟ್ಟು ಹೊಸದಾಗಿ ಬರೆದು. ಟಿಸಿಪಿಯ ಮೂಲ ಕೋಡ್‌ನಲ್ಲಿ ವಿಪರೀತ ಕೈಯಾಡಿಸುತ್ತದೆ ಎಂಬುದು ಹಳೆಯದರ ಮೇಲಿದ್ದ ಆಕ್ಷೇಪ.

ಸೋಂದೆ_ಭಟ್ (ಸೋಂದಾ):
ಈಗಿನ ನನ್ನ ಅನುಮಾನ ಬೇರೆ. ದಾರಿಗೊಂದರಂತೆ ಕನಿಷ್ಠ ಮಿತಿ ಇಡುವ ಸೌಲಭ್ಯ ಐಪಿ ರೂಟ್ ಆಜ್ಞೆಯಲ್ಲಿ ಹಲವು ವರ್ಷಗಳಿಂದಲೂ ಇದೆ. ಮೊಬೈಲ್ ಇಂಟರ್‌ಫೇಸ್‌ನ ದಾರಿಗೆ ಅದನ್ನು ಏರಿಸಿದರೆ ಘಟ್ಟದ ಸಮಸ್ಯೆ ಬಗೆಹರಿಯುವುದಿಲ್ಲವೇ? ಹಾಗಾದರೆ ಪ್ಯಾಚೇ ಬೇಕಿಲ್ಲ.

ಘಟ್ಟದಮೇಲೆ (ಶಿರಸಿ):
ನಮ್ಮ ಕಡೆಯ ಯಂತ್ರ ಕಳುಹಿಸುವ ಡೇಟಾಗೆ ಅದು ಸಾಕು. ಆದರೆ ಹಳ್ಳಿಯ ಫೋನ್ ಹೆಚ್ಚಾಗಿ ಡೇಟಾ ಪಡೆಯುವ ತುದಿ, ಟೈಮರ್ ಇರುವುದು ದೂರದ ಸರ್ವರ್‌ನಲ್ಲಿ, ಅದಕ್ಕೆ ಗ್ರಾಹಕ ಯಾವ ಘಟ್ಟದಲ್ಲಿದ್ದಾನೆಂದು ತಿಳಿಯುವುದಿಲ್ಲ. ಆದ್ದರಿಂದಲೇ ತಾನಾಗಿ ಹೊಂದಿಕೊಳ್ಳುವ ವಿನ್ಯಾಸಕ್ಕೆ ಹುಡುಗ ಹೋದದ್ದು. ಈ ವಾದವನ್ನು ಎರಡನೆಯ ಆವೃತ್ತಿಯ ವಿವರಣೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಗಂಗಾವಳಿ (ಅಂಕೋಲಾ):
ಅದನ್ನೇ ಮೊದಲ ಪ್ಯಾರಾದಲ್ಲಿ ಬರೆಯಲು ಹೇಳಿರಿ. ಕೋಡ್ ಅದರ ನಂತರ.

ಕಾಳಿತೀರ (ಕಾರವಾರ):
ಇನ್ನೊಂದು ಮಾತು. ಮುಂದಿನ ವಾರ ಮರ್ಜ್ ವಿಂಡೋ, ಅಂದರೆ ಸಿದ್ಧವಾದ ಬದಲಾವಣೆಗಳನ್ನು ಮುಖ್ಯ ಕರ್ನಲ್‌ಗೆ ಸೇರಿಸಿಕೊಳ್ಳುವ ಅವಧಿ, ತೆರೆಯುವ ಸಂಭವವಿದೆ. ಆ ಎರಡು ವಾರ ನೆಟ್-ನೆಕ್ಸ್ಟ್ ಮುಚ್ಚಿರುತ್ತದೆ, ಹೊಸ ಸೌಲಭ್ಯದ ಪ್ಯಾಚ್ ಕಳುಹಿಸಿದರೆ ನೋಡದೆಯೇ ಹಿಂದಿರುಗಿಸುತ್ತಾರೆ. ಮೂರನೆಯ ಆವೃತ್ತಿಯನ್ನು ಆರ್‌ಎಫ್‌ಸಿ (ಇಲ್ಲಿ ಮಾನದಂಡವಲ್ಲ, ‘ಅಭಿಪ್ರಾಯ ಕೋರಿಕೆ’) ಎಂಬ ಗುರುತು ಹಾಕಿ ಅಭಿಪ್ರಾಯಕ್ಕಾಗಿ ಕಳುಹಿಸಿದರೆ ಅಡ್ಡಿಯಿಲ್ಲ. ಹಳೆಯ ಒಪ್ಪಿಗೆಯ ಸಾಲನ್ನು ತೆಗೆದು, ತೆಗೆದ ಕಾರಣವನ್ನೂ ಬರೆಯಲಿ.

ತೋಟದಮನೆ (ಶಿರಸಿ):
ಏರಿದ ಮಿತಿ ಇಳಿಯುತ್ತದೆಯೇ ಎಂಬ ಪರೀಕ್ಷೆಯನ್ನು ಇಂದು ಸಂಜೆ ಓಡಿಸುತ್ತೇನೆ. ಸಿಕ್ಕ ಅಂಕಿಗಳನ್ನು ಮೊದಲು ಅಲ್ಲಿ ಹಾಕಿ, ಆಮೇಲೆ ಇಲ್ಲಿ ಹಾಕುತ್ತೇನೆ.